ಶಾಂತಾಬಾಯಿ ಬಾಜೂಕ ಕುಂದರ್ತಿದ್ದ ಸಿಸ್ಟರ್

...ಅಲ್ರೀ, ಮೊನ್ನೆ ಇಲ್ಲೇ ಪೋಸ್ಟ್ ಹಾಕಿದ್ನಲ್ಲ,
ಸಿಸ್ಟರ್ ಬೆನೆಡಿಕ್ಟಾ ಮುಂದಿನ ವಾರದ ಮೀಟಿಂಗಿಗಿ ಫುಲ್ ರೆಡಿ ಆಗ್ಯಾರ ಅಂತ...
ಈಗ ಅವರೇ ಇಲ್ಲ ಅಂತ ಹ್ಯಾಂಗ ಬರೀಲಿ?

ಮುಂಜಾನೆ ಕಲಬುರಗಿ ದವಾಖಾನಿಂದ ಫೋನ್ ಬಂತು.
ಹಾರ್ಟ್ ಅಂತ...
ನಾ ಸುಳ್ಳ ಅಂದೆ.
ಸಿಸ್ಟರ್ ನಂಬರಿಗೇ ಕಾಲ್ ಹಚ್ಚಿದೆ. ರಿಂಗ್ ಆತು...
ಯಾರೋ ಬ್ಯಾರೆ ಸಿಸ್ಟರ್ ಎತ್ತಿ, ಹೌದವ್ವಾ ಅಂದ್ರು.

ಗೊತ್ತಿಲ್ಲದವರಿಗಿ ಹೇಳ್ತೇನಿ.
ಮಂಗಳೂರು ಕಡಿಯವರು. ಕ್ಯಾಥೊಲಿಕ್ ಸಿಸ್ಟರ್.
ಜೇವರ್ಗಿಯಾಗ ಎರಡು ಖೋಲಿ ಬಾಡಗಿ ಮನಿ. ಆಳಂದ, ಅಫಜಲಪುರ, ಯಡ್ರಾಮಿ... ಎಲ್ಲಾ ಬಸ್ಸಿನಾಗೇ.
ಅವರ ಮಠದ ಸಿಸ್ಟರ್ಸ್ ದೇಶ ದೇಶದಾಗ ಅದಾರ. ಬ್ಯಾರೆ ಸಂಘದವರ ಜೋಡಿ ಕೂಡಿ, ವಿಶ್ವಸಂಸ್ಥೆ ಮೀಟಿಂಗಿನಾಗ ಬಡವರ ಮಾತು ಎತ್ತತಾರ.

ನಮ್ಮ ಸಿಸ್ಟರ್ ಹಿಡಿದಿದ್ದು ಒಂದೇ ಮಾತು.
ತೊಗರಿ ಕೀಡಿಗಿ ಹೊಡಿಯೋ ಎಣ್ಣಿ, ಅಂದ್ರ ಕೀಟನಾಶಕ.
ಫಾರಿನ್ ಕಂಪನಿಯವರು ತಮ್ಮ ದೇಶದಾಗ ಬ್ಯಾನ್ ಆದ ಎಣ್ಣಿ ನಮ್ಮ ಕಡಿ ಮಾರ್ತಾರ.
ಅದನ್ನ ಬರೇ ಕೈಲೆ ಕಲಸೋರು ನಮ್ಮ ಕೂಲಿ ಹೆಣ್ಮಕ್ಳು.
ಅಫಜಲಪುರ ಕಡಿ ಶಾಂತಾಬಾಯಿ ಅವರಾಗ ಒಬ್ಬಾಕಿ. ಕೈ ತೊಗಲು ಸುಲದಾದ. ಒಂದು ಕಣ್ಣು ಮಬ್ಬು...

ಹೋದ ವರ್ಷ ಆ ಮೀಟಿಂಗಿನಾಗ ಆನ್‌ಲೈನ್ ಮಾತಾಡಾಕ ಚಾನ್ಸ್ ಸಿಕ್ತು. ಬರೇ ಎರಡು ನಿಮಿಷ.
ಶಾಂತಾಬಾಯಿ ಕನ್ನಡದಾಗ ಹೇಳಬೇಕು, ಬಾಜೂಕ ಕುಂತು ಸಿಸ್ಟರ್ ಇಂಗ್ಲಿಷ್ ಮಾಡಬೇಕು. ಲ್ಯಾಪ್‌ಟಾಪ್ ನೋಡ್ಕೊಳ್ಳಾಕ ನಾ.
ಮೈಕ್ ಆನ್ ಆತು.
ಶಾಂತಾಬಾಯಿ ಶರಣ್ರಿ ಅಂದ್ಲು. ಎಲ್ಲಾರೂ ಆರಾಮದೀರೇನು, ಉಂಡ್ರೇನು, ಮನ್ಯಾಗ ಮಕ್ಳು ಛಲೋ ಅದಾವೇನು ಅಂತ ಕೇಳಿದ್ಲು.
ಕೇಳಿ... ಸುಮ್ಮ ಕುಂತ್ಲು.
ಅವರು ಹೇಳ್ಲಿ ಅಂತ ಕಾಯಾಕತ್ತಾಳ...
ನಮ್ಮ ಕಡಿ ಹಂಗೇ ಅಲ್ಲೇನ್ರಿ? ಎದುರಿನವರು ಆರಾಮದೇವಿ ಅನ್ನೋ ತನಕ ನಮ್ಮ ತ್ರಾಸ ಹ್ಯಾಂಗ ತೆಗೀತೇವಿ?
ಅಲ್ಲಿ ಹಾಲ್ ತುಂಬಾ ಮಂದಿ. ಅವರ ರೂಲ್ಸ್ ಪ್ರಕಾರ ನಡು ಬಾಯಿ ಹಾಕಂಗಿಲ್ಲ.
ಅವರೂ ಸುಮ್ಮ. ಈಕಿನೂ ಸುಮ್ಮ.
ನಾ ಕಣ್ಸನ್ನಿ ಮಾಡೇ ಮಾಡ್ದೆ...
ಟೈಮ್ ಮುಗೀತು. ಮೈಕ್ ಕಟ್.
ಎಣ್ಣಿ ಸುದ್ದಿ ಬರಲೇ ಇಲ್ಲ.

ನಂಗ ಅಳು ಬಂದಿತ್ತು. ಶಾಂತಾಬಾಯಿಗಿ ಸಿಟ್ಟು.
"ಎಂಥಾ ಮಂದಿ ಬೇ ಇವರು, ಉಂಡೇವಿ ಅನ್ನಾಕೂ ಬಾಯಿಲ್ಲ" ಅಂತ ನನಗೇ ಬೈದ್ಲು.
ಸಿಸ್ಟರ್ ಮಾತ್ರ ಹೊಟ್ಟಿ ಹಿಡ್ಕೊಂಡು ನಕ್ರು.

ಸಿಸ್ಟರ್...
ಆಮ್ಯಾಲೆ ನೀವು ಮಾಡಿದ್ದು ನಾ ಮರೆಯಂಗಿಲ್ಲ.
ಮುಂದಿನ ಸಲ ನೀವೇ ಇಂಗ್ಲಿಷಿನಾಗ ಓದಿಬಿಡ್ರಿ, ಸೇಫ್ ಅಂತ ನಿಮ್ಮ ಮಠದ ಫಾರಿನ್ ಆಫೀಸಿನವರು ಅಂದ್ರು. ನಾನೂ ಅದೇ ಅಂದೆ.
ನೀವು ಒಪ್ಪಲಿಲ್ಲ.
"ನಾ ಓದಿದ್ರ ಒಂದು ರಿಪೋರ್ಟ್ ಆಗ್ತದ. ಕೈ ಸುಟ್ಕೊಂಡಾಕಿ ಅಕಿ. ಅಕೀನ ಹೇಳಬೇಕು."
ಮತ್ತ ಮೀಟಿಂಗ್ ನಡಿಸೋರಿಗಿ ಮೇಲ್ ಮ್ಯಾಲೆ ಮೇಲ್...
ಇನ್ನೊಂದು ಸಲ ಟೈಮ್ ಕೊಡ್ರಿ ಅಂತ ಅಷ್ಟೇ ಕೇಳಲಿಲ್ಲ ನೀವು. ಆಕಿ ಮೊದಲ ನಿಮ್ಮ ಕ್ಷೇಮ ಕೇಳ್ತಾಳ, ನೀವು ಉತ್ರ ಕೊಡ್ರಿ, ಅದನ್ನ ಟೈಮಿನಾಗ ಹಿಡೀಬ್ಯಾಡ್ರಿ ಅಂತ ಬರದ್ರಿ.
ಶಾಂತಾಬಾಯಿಗಿ ಮಾತ್ರ ಒಂದು ಶಬ್ದನೂ ಬದಲಿ ಮಾಡು ಅನ್ನಲಿಲ್ಲ.
ನಾನು ಅಕಿಗಿ ಟ್ರೈನಿಂಗ್ ಕೊಡಬೇಕು ಅಂತ ಕುಂತಿದ್ದೆ... ನೀವು ಆ ಹಾಲಿನವರಿಗಿ ಕೊಡಾಕ ಹೊಂಟಿದ್ರಿ.

ಮೊನ್ನೆ ಒಪ್ಪಿಗಿ ಬಂತು. ಸಭಾ ನಡಿಸೋರೇ ಉತ್ರ ಕೊಡ್ತಾರಂತ.
ಆ ಖುಷಿಗಿ ಬಸ್ ಸ್ಟ್ಯಾಂಡ್ ಎದುರು ನನಗ ಮಿರ್ಚಿ ತಿನ್ನಿಸಿದ್ರಿ. ಖಾರ ಮಾರಾಯ್ತಿ ಅಂತ ನೀವೇ ಕಣ್ಣು ಒರೆಸ್ಕೊಂಡ್ರಿ.
ಇಷ್ಟು ವರ್ಷ ನಮ್ಮೂರಾಗ ಇದ್ದೂ ನಿಮ್ಮ ನಾಲಿಗಿ ಮಂಗಳೂರು ಬಿಡಲಿಲ್ಲ...

ಇವತ್ತ ಮಧ್ಯಾಹ್ನ ಶಾಂತಾಬಾಯಿ ಫೋನ್ ಮಾಡಿದ್ಲು.
ಬಹಳ ಅತ್ಲು. ಆಮ್ಯಾಲೆ ಖರೇ ಸಂಗ್ತಿ ಹೇಳಿದ್ಲು.
ಸಿಸ್ಟರ್ ಸುದ್ದಿ ತಿಳಿದ ಕೂಡಲೇ, ಹೊರದೇಶದವರ ಮುಂದ ಊರ ಮಾನ ಕಳದ್ರ ಕೂಲಿಗಿ ಬರಬ್ಯಾಡ ಅಂತ ಹೊಲದ ಮಾಲಕ್ರು ಹೇಳಿ ಕಳಿಸ್ಯಾರಂತ. ಸಿಸ್ಟರ್ ಇದ್ದಾಗ ಅಂಥಾ ಮಾತು ಆಡಾಕ ಯಾರಿಗೂ ಧೈರ್ಯ ಇರಲಿಲ್ಲ.
"ಈಗ ನಾ ಒಬ್ಬಾಕಿ ಹ್ಯಾಂಗ ಕುಂದರ್ಲಿ ಬೇ?"


ಇಂಗ್ಲಿಷ್ ನಾ ಹೇಳ್ತೇನಿ. ತಪ್ಪೋ ಒಪ್ಪೋ, ಹ್ಯಾಂಗರ ಹೇಳ್ತೇನಿ.
ಆದ್ರ ಮಾಲಕ್ರಿಗಿ ನಾ ಒಬ್ಬಾಕಿ ಸಾಲಂಗಿಲ್ಲ.
ಟೈಮ್ ಇಟ್ಕೋಬೇಕೋ, ಬಿಡಬೇಕೋ, ನಾಳೆ ಒಳಗ ಹೇಳ್ರಿ ಅಂತ ಫಾರಿನ್ ಆಫೀಸಿನವರು ಕೇಳ್ಯಾರ.

ಸಿಸ್ಟರ್, ನಾಳೆ ಮಣ್ಣಿಗಿ ಬರ್ತೇವಿ.
ಬಸ್ಸಿನ ಓಡಾಟ ಸಾಕು ಮಾಡ್ರಿ ಇನ್ನ...
ನೀವು ನಂಬಿದ ಯೇಸು ನಿಮ್ಮ ಜೀವ ತಣ್ಣಗ ಇಡ್ಲಿ.

ಉಳಿದವರಿಗಿ ಒಂದು ಮಾತು.
ಮುಂಜಾನಿಂದ ಓಂ ಶಾಂತಿ, ಕೈ ಮುಗಿಯೋ ಇಮೋಜಿ ಬರಾಕತ್ತಾವ. ಬರ್ಲಿ, ಬ್ಯಾಡ ಅನ್ನಂಗಿಲ್ಲ.
ಆದ್ರ ಮೀಟಿಂಗ್ ದಿನ... ಜೇವರ್ಗಿಯಾಗ... ಕ್ಯಾಮೆರಾ ಮುಂದ...
ಮಾಲಕ್ರು ನೋಡ್ತಾರ ಅಂತ ಗೊತ್ತಿದ್ದೂ,
ಶಾಂತಾಬಾಯಿ ಬಾಜೂಕ ಕುಂದ್ರಾಕ ನಿಮ್ಮೊಳಗ ಯಾರ್ ಬರ್ತೀರಿ?