ವಿರೋಧವಾಗಿ ಮಾತಾಡಿದ ಹುಡುಗಿ

ಬಸವಕಲ್ಯಾಣದ ನಮ್ಮ ಕಾಲೇಜಿನ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು, ಆ ಕೆಲಸಕ್ಕೆ ಬೇರೆ ಯಾರೂ ಒಪ್ಪದೇ ಇದ್ದುದರಿಂದ. ತೊಂಬತ್ತರ ದಶಕದ ಕೊನೆಯ ಮಾತಿದು, ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಧ್ಯಕ್ಷನಾಗಲು ಆರು ಜನ ಹುಡುಗರು ಕಿತ್ತಾಡಿದರು, ಏಕೆಂದರೆ ಅಧ್ಯಕ್ಷನ ಕೊರಳಿಗೆ ಹಾರ ಬೀಳುತ್ತಿತ್ತು. ಕಾರ್ಯದರ್ಶಿಯ ತಲೆಗೆ ಬೀಳುತ್ತಿದ್ದದ್ದು ಕೆಲಸ. ಖುರ್ಚಿ ಹಾಕಿಸುವುದು, ಮೈಕಿನವನನ್ನು ಹುಡುಕಿ ತರುವುದು, ಅತಿಥಿಗಳ ಮನೆಗೆ ಮೂರು ಸಲ ಹೋಗಿ ನೆನಪು ಮಾಡುವುದು, ಕೊನೆಗೆ ವಂದನಾರ್ಪಣೆಯ ಚೀಟಿಯನ್ನೂ ಬರೆದು ಅಧ್ಯಕ್ಷನ ಕೈಗೆ ಕೊಡುವುದು. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತ ನಮ್ಮ ಅಪ್ಪ ಬಂದವರಿಗೆಲ್ಲ, "ಇಕಿ ಒಬ್ಬಾಕಿ ಇದ್ರ ಸಾಕ್ರಿ, ಆ ಸಂಘಕ್ಕ ಬ್ಯಾರೆ ಮಂದಿ ಬೇಕಾಗಂಗಿಲ್ಲ" ಎಂದು ಹೇಳುತ್ತಿದ್ದರು. ಹೊಗಳಿಕೆಯೋ ಚೇಷ್ಟೆಯೋ ತಿಳಿಯದೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಮ್ಮ ಸಂಘದ ಭಾಷಣಕಾರರದ್ದೇ ಒಂದು ಕಥೆ. ವಿಷಯ ಯಾವುದೇ ಇರಲಿ, ಎಲ್ಲರೂ 'ಶರಣರು ನಡೆದಾಡಿದ ಈ ಪುಣ್ಯಭೂಮಿಯಲ್ಲಿ' ಎಂದೇ ಶುರು ಮಾಡುವವರು. ಪುಣ್ಯಭೂಮಿಯ ವರ್ಣನೆ ಮುಗಿದು ವಿಷಯಕ್ಕೆ ಬರುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಪರಿಸರ ಮಾಲಿನ್ಯದ ಮೇಲೆ ಮಾತಾಡಲು ನಿಂತವನೊಬ್ಬ ಐದು ನಿಮಿಷದಲ್ಲಿ ಹೊಗೆಯ ಹೆಸರನ್ನೇ ಎತ್ತದೆ ಇಳಿದು ಬಂದು, "ಹ್ಯಾಂಗಾಯ್ತು ಅಕ್ಕಾ?" ಎಂದು ನನ್ನನ್ನೇ ಕೇಳಿದ್ದ.

ಇಂಥವರನ್ನು ಕಟ್ಟಿಕೊಂಡು ನಾನು ಹುಮನಾಬಾದಿನ ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಹೋಗಬೇಕಿತ್ತು. ಪ್ರತಿ ಕಾಲೇಜಿನಿಂದ ಇಬ್ಬರು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಆ ವರ್ಷದ ವಿಷಯ 'ಗ್ರಾಮೀಣ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಅಗತ್ಯ'. ಪರವಾಗಿ ಮಾತಾಡಲು ಹನ್ನೊಂದು ಜನ ಹೆಸರು ಕೊಟ್ಟರು. ವಿರೋಧಕ್ಕೆ ಒಬ್ಬರೂ ಇಲ್ಲ. ಹಿಂದಿನ ವರ್ಷ ವಿರೋಧಕ್ಕೆಂದು ಕಳಿಸಿದ್ದ ಹುಡುಗ ವೇದಿಕೆ ಹತ್ತಿ, "ನಾನು ವಿರೋಧವಾಗಿ ಮಾತಾಡಲು ಬಂದಿದ್ದೇನೆ, ಆದರೆ ನನಗೆ ಯಾವ ವಿರೋಧವೂ ಇಲ್ಲ" ಎಂದು ಕೈಮುಗಿದು ಇಳಿದಿದ್ದ. ತೀರ್ಪುಗಾರರು ನಕ್ಕಿದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಈ ಸಲ ನಾನು ಯಾರ ಮಾತೂ ಕೇಳಲಿಲ್ಲ. ವಿರೋಧಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳನ್ನೇ ಹಾಕಿದೆ.

ಆಕೆ ಮಂಠಾಳದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಎರಡನೇ ವರ್ಷದ ಹುಡುಗಿ. ಕುರಿ ಸಾಕಿದ ಮನೆ, ಒಂದಿಷ್ಟು ಹೊಲ. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಆಕೆಯೊಬ್ಬಳೇ. ಸಣ್ಣ ದೇಹ, ಆದರೆ ಮೈಕಿಲ್ಲದೆ ಹಿಂದಿನ ಬೆಂಚಿಗೂ ಕೇಳುವ ದನಿ. ಬಿ.ಎ. ಮುಗಿಸಿ ಮಾಸ್ತರಿಕೆ ಮಾಡಬೇಕೆಂಬ ಒಂದೇ ಆಸೆ ಆಕೆಗೆ. "ವಿರೋಧ ನನಗ್ಯಾಕ್ರಿ ಅಕ್ಕಾ? ನಾ ಕಲಿಯಾಕತ್ತಾಕಿ, ಕಲೀಬ್ಯಾಡ್ರಿ ಅಂತ ಹ್ಯಾಂಗ ಹೇಳ್ಲಿ?" ಎಂದಳು. "ಇದು ಸ್ಪರ್ಧಾ. ನೀ ಏನ್ ನಂಬ್ತಿ ಅಂತ ಯಾರೂ ಕೇಳಂಗಿಲ್ಲ" ಎಂದು ಬಾಯಿ ಮುಚ್ಚಿಸಿದೆ.

ಭಾಷಣವನ್ನು ನಾನೇ ಬರೆದೆ. ಸುಳ್ಳು ಹೇಳುವುದೇಕೆ, ಮನಸ್ಸಿಟ್ಟು ಬರೆದೆ. ಓದಿದ ಹುಡುಗಿ ಹೊಲಕ್ಕೂ ಒಗ್ಗುವುದಿಲ್ಲ, ಕಚೇರಿಯೂ ಆಕೆಯನ್ನು ಕರೆಯುವುದಿಲ್ಲ. ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ನೂಕಿಸಿಕೊಂಡು ಆಕೆ ಸಂಪಾದಿಸುವುದು ಬರೀ ದಣಿವು ಎಂದೆಲ್ಲ. ಕೊನೆಗೆ ಚಪ್ಪಾಳೆ ಬೀಳಲೆಂದೇ ಒಂದು ಮಾತು ಸೇರಿಸಿದೆ: 'ಈ ಹುಡುಗಿಯನ್ನೇ ಕೇಳಿ ನೋಡಿ. ನಾನು ಕಲಿಯುತ್ತೇನೆ ಎಂದೇ ಹೇಳುತ್ತಾಳೆ. ಆ ಮಾತನ್ನು ನಂಬಬೇಡಿ. ಹೆತ್ತವರ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತಾಳೆ. ಒಳಗೊಳಗೇ ಆಕೆ ಸೋತುಹೋಗಿದ್ದಾಳೆ.' ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹುಮನಾಬಾದಿಗೆ ಆಕೆಯ ಅಪ್ಪನೂ ಜೊತೆಗೆ ಬಂದ. ಮಗಳನ್ನು ಪರ ಊರಿಗೆ ಒಬ್ಬಳನ್ನೇ ಕಳಿಸುವುದು ಹೇಗೆಂದು, ತಲೆಗೆ ಬಿಳಿ ಪಟಗಾ ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತ. ನಮ್ಮ ಅಧ್ಯಕ್ಷ ಪರವಾಗಿ ನಿಂತು ಪುಣ್ಯಭೂಮಿಯಲ್ಲೇ ಗಂಟೆ ಹೊಡೆಸಿಕೊಂಡ. ಈಕೆ ಮಾತ್ರ ನಾನು ಬರೆದುಕೊಟ್ಟದ್ದನ್ನು ತನ್ನದೇ ಹೊಟ್ಟೆಯಿಂದ ಬಂದಂತೆ ಹೇಳಿದಳು. 'ಸೋತುಹೋಗಿದ್ದಾಳೆ' ಎನ್ನುವಾಗ ದನಿ ನಡುಗಿಸು ಎಂದು ಕಲಿಸಿದ್ದೆ, ನಡುಗಿಸಿದಳು. ಮುಂದಿನ ಸಾಲಿನ ಮೇಡಂ ಒಬ್ಬರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಬಂತು. ವಾಪಸ್ ಬರುವಾಗ ಆ ಅಪ್ಪ ಬಸ್ಸಿನ ಕಿಟಕಿಯಾಚೆ ನೋಡುತ್ತ ಒಂದು ಮಾತೂ ಆಡಲಿಲ್ಲ. ಖುಷಿಗೆ ಮಾತು ಬಿದ್ದುಹೋಗಿದೆ ಎಂದುಕೊಂಡೆ.

ಮರುದಿನ ಹುಡುಗಿ ಕಾಲೇಜಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸನ್ಮಾನ ಸಮಾರಂಭಕ್ಕೆ ಹಾರ ತರಿಸಿದ್ದೆ. ಅದನ್ನು ಅಧ್ಯಕ್ಷನೇ ಹಾಕಿಕೊಂಡು ಫೋಟೋ ತೆಗೆಸಿಕೊಂಡ. ಎಂಟು ದಿನ ಕಳೆದ ಮೇಲೆ ಆಕೆಯ ಬಸ್ಸಿನಲ್ಲೇ ಬರುವ ಇನ್ನೊಬ್ಬ ಹುಡುಗಿ ಹೇಳಿದಳು: "ಆಕಿಗಿ ಕಾಲೇಜ್ ಬಿಡಿಸ್ಯಾರ್ರಿ. ಅವರಪ್ಪನೇ ಸಾಕು ಅಂದಾನಂತ." ನನಗೆ ಮೈಯೆಲ್ಲ ಉರಿಯಿತು. ಬಹುಮಾನ ತಂದ ಮಗಳನ್ನು ಮನೆಯಲ್ಲಿ ಕೂರಿಸುವ ಇವನೆಂಥ ಅಪ್ಪ? ಸಂಘದ ಸಲಹೆಗಾರರಾಗಿದ್ದ ಸರ್ ಹತ್ತಿರ ಹೋದರೆ ಅವರು, "ಹಳ್ಳಿ ಮಂದಿ ಹಂಗೇ, ನೀ ಯಾಕ ತಲಿ ಕೆಡಿಸ್ಕೋತಿ" ಎಂದು ಚಹಾ ತರಿಸಿದರು. ಪದಾಧಿಕಾರಿಗಳನ್ನು ಕರೆದರೆ ಒಬ್ಬನಿಗೆ ಮದುವೆ, ಒಬ್ಬನಿಗೆ ಜ್ವರ, ಅಧ್ಯಕ್ಷನಿಗೆ ಕ್ರಿಕೆಟ್. ಆ ಭಾನುವಾರ ಒಬ್ಬಳೇ ಮಂಠಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮನುಷ್ಯನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ, ತುಟಿ ಅಲ್ಲಾಡಿಸುತ್ತಿದ್ದ ನನ್ನನ್ನು ನೋಡಿ ಸ್ವಲ್ಪ ಸರಿದು ಕೂತಳು.

ಆತ ಅಂಗಳದಲ್ಲಿ ಕುರಿಮರಿಯೊಂದರ ಕಾಲಿಗೆ ಔಷಧ ಹಚ್ಚುತ್ತಿದ್ದ. ನನ್ನನ್ನು ಕಂಡವನೇ ಎದ್ದು, "ಬರ್ರಿ ತಾಯಿ, ಬರ್ರಿ" ಎಂದು ಕೂರಲು ಹೊರಸು ಹಾಕಿ ಕಂಬಳಿ ಹಾಸಿದ. ಸಿಟ್ಟಿನಲ್ಲಿ ಬಂದವಳಿಗೆ ಇಂಥ ಉಪಚಾರ ಸಿಕ್ಕರೆ ಶುರು ಮಾಡುವುದೇ ಕಷ್ಟ. ಹುಡುಗಿ ನೀರು ತಂದುಕೊಟ್ಟು, ನನ್ನ ಕಿವಿಯ ಹತ್ತಿರ, "ನಾ ಹೇಳ್ದಷ್ಟೂ ಅಪ್ಪಗ ಪಕ್ಕಾ ಆಗಾಕತ್ತದ ಅಕ್ಕಾ" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ.

"ಕಾಕಾ, ಇಷ್ಟು ಶ್ಯಾಣ್ಯಾ ಮಗಳಿಗಿ ಕಾಲೇಜ್ ಯಾಕ ಬಿಡಿಸಿದ್ರಿ?" ಎಂದೆ.

"ನಾ ಎಲ್ಲಿ ಬಿಡಿಸೀನ್ರಿ?" ಎಂದ ಆತ. "ಆಕಿ ಕಲೀಲಿ ಅಂತ ಹಟಾ ಹಿಡ್ದಾಂವ ನಾನು. ನಮ್ಮ ಅಣ್ಣತಮ್ಮರ ಜೋಡಿ ಜಗಳಾ ಮಾಡೀನಿ ಇದರ ಸಲುವಾಗಿ. ಆದ್ರ ಇಕಿ ಒಳಗಿಂದೊಳಗ ಇಷ್ಟು ತ್ರಾಸ ತಗೋಳಾಕತ್ತಾಳ ಅಂತ ನನಗ ಗೊತ್ತಿದ್ದಿಲ್ಲ ತಾಯಿ. ಅವತ್ತ ಅಷ್ಟು ಮಂದಿ ಮುಂದ ನಿಂತು ಹೇಳಿದ್ಳು. ನನ್ನ ಮುಂದ ಹೇಳಾಕ ಅಂಜಿಕಿ ಇತ್ತು, ಸಭಾದಾಗ ಧೈರ್ಯ ಬಂತು. ಮೂರು ದಿನಾ ನನಗ ರೊಟ್ಟಿ ಇಳೀಲಿಲ್ಲ. ಇನ್ನ ಸಾಕು, ಬ್ಯಾಸರಾದ ಕೂಸಿನ್ನ ಬಸ್ಸಿನ್ಯಾಗ ನೂಕೋದು ಬ್ಯಾಡ ಅಂದೆ."

ನಾನು ಹುಡುಗಿಯ ಕಡೆ ನೋಡಿದೆ. "ಅಪ್ಪಾ, ಅದು ಖರೇ ಅಲ್ಲ, ಸ್ಪರ್ಧಾ ಅಂತ ಎಷ್ಟು ಸಲ ಹೇಳೀನಿ? ನನಗ ಕಲಿಯೂದದ ಅಂತ ಹೇಳಿಲ್ಲೇನು?" ಎಂದಳು ಆಕೆ, ಅಳುವ ದನಿಯಲ್ಲಿ.

"ಹೇಳಿದ್ದಿ. ಕೇಳಿದ್ರ ಹಂಗೇ ಹೇಳ್ತಾಳ, ನಂಬಬ್ಯಾಡ್ರಿ ಅಂತನೂ ನೀನೇ ಹೇಳಿದ್ದಿ."

ಆ ಹುಡುಗಿ ಹೊರಗೆ ಬರಬಹುದಾಗಿದ್ದ ಒಂದೇ ಬಾಗಿಲನ್ನು ಚಪ್ಪಾಳೆಯ ಆಸೆಗೆ ನಾನೇ ಮುಚ್ಚಿ ಬಂದಿದ್ದೆ. ಪರ ಅಂದರೇನು, ವಿರೋಧ ಅಂದರೇನು, ಕಾಲೇಜುಗಳಲ್ಲಿ ಇದನ್ನು ಹೇಗೆ ಹಂಚಿಕೊಡುತ್ತಾರೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಆತ ಕುರಿಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಆತ ಲೆಕ್ಕ ತಪ್ಪಿದ ವಿದ್ಯಾರ್ಥಿಯಂತೆ ಮೊದಲಿನಿಂದ ಕೇಳತೊಡಗಿದ.

"ಹಂಗಾದ್ರ ಆ ಮಾತು ಯಾರು ಬರದಿದ್ದು?"

"ನಾನ್ರಿ ಕಾಕಾ."

"ನೀವು ಅದನ್ನ ನಂಬ್ತೀರೇನು? ಹೆಣಮಕ್ಕಳು ಕಲೀಬಾರ್ದು ಅಂತ?"

"ಇಲ್ರಿ. ನಾನೂ ಕಲಿಯಾಕತ್ತೇನಲ್ರಿ."

"ಮತ್ತ ಇನಾಮ್ ಕೊಟ್ಟ್ರಲ್ಲ, ಆ ಮೂರು ಮಂದಿ ಸಾಹೇಬ್ರು? ಅವರು?"

"ಅವರೂ ನಂಬಂಗಿಲ್ರಿ. ಹ್ಯಾಂಗ ಹೇಳ್ತಾರ ಅಂತ ಅಷ್ಟೇ ನೋಡ್ತಾರ."

"ಕಣ್ಣೀರು ಒರಸ್ಕೊಂಡ ಆ ಮೇಡಂ ಬಾಯಿ?"

ಅವರೂ ಇಲ್ಲವೆಂದು ನಾನು ತಲೆಯಾಡಿಸಿದೆ. ಆತ ಕುರಿಮರಿಯನ್ನು ಕೆಳಗೆ ಬಿಟ್ಟ. ಅದು ಕುಂಟುತ್ತ ತಾಯಿಯ ಕಡೆ ಹೋಯಿತು.

"ಅಂದ್ರ ಆ ಇಡೀ ಸಭಾದಾಗ ನನ್ನ ಮಗಳ ಮಾತು ನಂಬಿದಾಂವ ನಾ ಒಬ್ಬಾಂವೇ ಏನ್ರಿ?"

ನನಗೆ ನಾಚಿಕೆಯಾಯಿತು. ವರ್ಷವಿಡೀ ಎಲ್ಲರ ಮೇಲೆ ಹರಿಹಾಯ್ದಿದ್ದೆ: ಹಾರದ ಅಧ್ಯಕ್ಷನ ಮೇಲೆ, ಚಹಾ ಕುಡಿಸಿದ ಸರ್ ಮೇಲೆ, ಪುಣ್ಯಭೂಮಿಯವರ ಮೇಲೆ. ಈಗ ಬೈಸಿಕೊಳ್ಳಬೇಕಾದವಳು ಕಂಬಳಿಯ ಮೇಲೆ ನೀರಿನ ತಂಬಿಗೆ ಹಿಡಿದುಕೊಂಡು ಕೂತಿದ್ದಳು. "ತಪ್ಪಾಯ್ತ್ರಿ ಕಾಕಾ" ಎಂದೆ. ಆತ ಮಗಳ ಕಡೆ ತಿರುಗಿ, "ನಾಳಿಂದ ಹೋಗವ್ವಾ" ಎಂದ. ಆಕೆ ಒಳಗೆ ಓಡಿದಳು. ಪುಸ್ತಕದ ಚೀಲ ಹುಡುಕುವ ಸಪ್ಪಳ ಹೊರಗಿನವರೆಗೂ ಕೇಳಿಸಿತು.

ನನ್ನನ್ನು ಬಸ್ಸಿಗೆ ಹತ್ತಿಸಲು ಆತನೇ ಬಂದ. ರಸ್ತೆ ಬದಿಯಲ್ಲಿ ನಿಂತೆವು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಆತ ಕೇಳಿದ: "ಮುಂದಿನ ಸಲ ಆಕಿ ಮಾತಾಡೋ ಮುಂದ ನನಗ ಮತ್ತ ಕರೀರಿ ತಾಯಿ, ಬರ್ತೀನಿ. ಆದ್ರ ಮೊದಲೇ ಹೇಳಿಬಿಡ್ರಿ, ನಂಬಬೇಕೋ ಬ್ಯಾಡೋ ಅಂತ."

ಬಸ್ಸು ಬಂದು ನಿಂತಿತು. ನಾನು ಹೂಂ ಎಂದು ಹತ್ತಿದೆ.