ತಂಗಿಯೂ ರಕ್ತ ಕೊಟ್ಟಳು

ಜ್ವರ ಬಿಟ್ಟಿತು. ದಣಿವು ಬಿಡಲಿಲ್ಲ.

ಶಿರಹಟ್ಟಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಬೆಳಗಿನ ಗಂಟೆ ಹೊಡೆಯುವ ಮೊದಲೇ ಸ್ನಾನ ಮುಗಿಸಿ ವರಾಂಡದಲ್ಲಿ ನಿಂತಿರುತ್ತಿದ್ದೆ. ನಿವೃತ್ತಳಾಗಿ ಬೆಟಗೇರಿಯ ಮಗನ ಮನೆಗೆ ಬಂದ ಮೇಲೂ ಆ ಕ್ರಮ ಬಿಟ್ಟಿರಲಿಲ್ಲ. ಕಳೆದ ಮಳೆಗಾಲದ ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ ಹಾಸಿಗೆ ಮಡಚಿಟ್ಟೆ. ಅಷ್ಟಕ್ಕೇ ಗೋಡೆ ಹಿಡಿದು ಕುಳಿತೆ. ಸಂಜೆಯವರೆಗೆ ಏಳಲಾಗಲಿಲ್ಲ.

ನಿದ್ದೆ ಮಾಡಿದರೂ ಹೋಗದ ದಣಿವು ಅದು. ಇಂದು ಪರವಾಗಿಲ್ಲ ಎಂದು ಒಂದು ಸೀರೆ ಒಗೆದರೆ ಮರುದಿನ ಮೈಯೆಲ್ಲ ಜಜ್ಜಿದಂತೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಸಣ್ಣ ಸದ್ದೂ ತಲೆಯೊಳಗೇ ಬೀಳುತ್ತದೆ.

ಗದಗಿನಲ್ಲಿ ರಕ್ತ ಪರೀಕ್ಷೆಗಳಾದವು. ಸಿಬಿಸಿ, ಥೈರಾಯ್ಡ್, ಶುಗರ್, ವಿಟಮಿನ್.

ಎಲ್ಲವೂ ನಾರ್ಮಲ್.

ಮನೆಯವರು ನಿರಾಳವಾದರು. ನಾನು ಅತ್ತುಬಿಟ್ಟೆ. ಮುಂಡರಗಿಯಿಂದ ತಂಗಿ ಗಿರಿಜಾ ನೋಡಲು ಬಂದವಳು ನಿಂತಲ್ಲೇ ಶುರು ಮಾಡಿದಳು.

"ರಿಪೋರ್ಟ್ ಎಲ್ಲಾ ಚಲೋ ಅದಾವಂತಲ್ಲ ಅಕ್ಕಾ. ಏಳ ಇನ್ನ. ಬೈಯಾಕ ಹಾಸ್ಟೆಲ್ ಹುಡುಗ್ಯಾರು ಇಲ್ಲಂತ ಹಾಸಿಗಿ ಹಿಡದೀ ಏನ?"

ನಕ್ಕೆ. ಹೋಗುವಾಗ ಅವಳು ನನ್ನ ಸೊಸೆಗೆ ಹೇಳಿದ್ದು ಒಳಕೋಣೆಗೆ ಕೇಳಿಸಿತು: "ಮನಸಿಂದ ಐತಿ ಬಿಡವಾ. ಖರೇನ ಬ್ಯಾನಿ ಇದ್ರ ರಕ್ತದಾಗ ಬರತಿದ್ದಿಲ್ಲೇನ?"

ಆ ಮಾತು ನನ್ನನ್ನು ಜ್ವರಕ್ಕಿಂತ ಹೆಚ್ಚು ಕೆಡವಿತು. ಯಾವುದಾದರೊಂದು ಪರೀಕ್ಷೆಯಲ್ಲಿ ಏನಾದರೊಂದು ಸಿಗಲಿ, ಗಿರಿಜಾ ನಂಬಲಿ ಎಂದು ಅಂದಿನಿಂದ ಹಂಬಲಿಸಿದೆ.

ಡಾಕ್ಟರರೂ ನಂಬುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು. ಆಸ್ಪತ್ರೆಗೆ ಹೋಗುವ ಮುಂಚೆ ಹಲವು ದಿನ ಮಲಗಿ ಶಕ್ತಿ ಕೂಡಿಸಿ, ತಲೆಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು ಹೋಗುತ್ತಿದ್ದೆ. "ಹೆಂಗದೀರಿ?" ಎಂದರೆ ಬಾಯಿ ತಾನಾಗಿ "ಆರಾಮ್ರಿ" ಎನ್ನುತ್ತಿತ್ತು. ಯಾರು ಕೇಳಿದರೂ ನಮ್ಮ ಕಡೆ ಅನ್ನುವುದೇ ಅದು. ಅವರು ಅದನ್ನೇ ಬರೆದುಕೊಳ್ಳುತ್ತಿದ್ದರು.

ವಾರಕ್ಕೊಮ್ಮೆ ಗದಗಿಗೆ ಬರುವ ಒಬ್ಬ ಡಾಕ್ಟರಮ್ಮ ಮಾತ್ರ ಬೇರೆ ಪ್ರಶ್ನೆ ಕೇಳಿದರು.

"ಇವತ್ತ ಆರಾಮದೀರಿ, ಆತು. ಇಲ್ಲಿಗೆ ಬಂದು ಹ್ವಾದ ಮರುದಿನ ಹೆಂಗಿರ್ತೀರಿ, ಅಮ್ಮಾರ?"

ಮಲಗಿದಲ್ಲಿಂದ ಏಳಲಾಗುವುದಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟೆ.

ಅವರೇ ಹೆಸರು ಹೇಳಿದರು: ಕ್ರಾನಿಕ್ ಫಟೀಗ್ ಸಿಂಡ್ರೋಮ್, ಬಿಡದೆ ಕಾಡುವ ದಣಿವಿನ ಕಾಯಿಲೆ. ಇದನ್ನು ಖಚಿತವಾಗಿ ತೋರಿಸುವ ರಕ್ತ ಪರೀಕ್ಷೆ ಇನ್ನೂ ಇಲ್ಲವಂತೆ. ರಕ್ತದಲ್ಲಿ ಇದರ ಗುರುತನ್ನು, ಅಂದರೆ ಬಯೋಮಾರ್ಕರನ್ನು, ಹುಡುಕುವ ತಂಡದಲ್ಲಿ ಅವರಿದ್ದರು. ಶ್ರಮಕ್ಕೆ ಮೊದಲು ಒಮ್ಮೆ, ಮರುದಿನ ಒಮ್ಮೆ ರಕ್ತ ತೆಗೆಯುತ್ತಾರೆ. ಹೋಲಿಸಲು ಅದೇ ವಯಸ್ಸಿನ ಆರೋಗ್ಯವಂತರ ರಕ್ತವೂ ಬೇಕು. ಈ ಶ್ರಮದಿಂದ ನಿಮ್ಮ ಮೈ ಇನ್ನಷ್ಟು ಕೆಡಬಹುದು ಎಂದೂ ಮುಚ್ಚಿಡದೆ ಹೇಳಿದರು. ಒಪ್ಪಿದೆ. ಗಿರಿಜಾಳಿಗೆ ಹೇಳಿ ಕಳಿಸಿದೆ.

"ಕೊಡ್ತೀನಿ ತಗೋ. ಏನಂತ ಗೊತ್ತಾಗೇ ಬಿಡ್ಲಿ," ಎಂದು ಬಂದಳು.

ಮೊದಲ ದಿನ ರಕ್ತ ಕೊಟ್ಟು, ನಿಂತಲ್ಲೇ ಇರುವ ಸೈಕಲ್ಲಿನ ಪೆಡಲ್ ತುಳಿದೆವು. "ಎಷ್ಟ ತುಳದ್ರೂ ಮುಂಡರಗಿ ಬರವಲ್ದಲ್ರಿ," ಎಂದು ಗಿರಿಜಾ ನರ್ಸನ್ನು ನಗಿಸಿದಳು.

ಮರುದಿನ ಅವಳು ಎಂದಿನಂತೆ ಎದ್ದು ನಮ್ಮ ಮನೆಯಲ್ಲಿ ರೊಟ್ಟಿ ಬಡಿದಳು. ನನಗೆ ತಲೆ ಎತ್ತಲಾಗಲಿಲ್ಲ. ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅವಳೇ ಬಚ್ಚಲಿಗೆ ಹಿಡಿದು ಕರೆದೊಯ್ದಳು. ಬಾಚದ ತಲೆಯಲ್ಲಿ, ಹಿಂದಿನ ದಿನದ ಸೀರೆಯಲ್ಲಿ, ವ್ಹೀಲ್‌ಚೇರಿನಲ್ಲಿ ಆಸ್ಪತ್ರೆಯ ಒಳಗೆ ಹೋದೆ.

ನಮ್ಮಿಬ್ಬರ ರಕ್ತದ ಟ್ಯೂಬುಗಳು ಪಕ್ಕಪಕ್ಕ ನಿಂತವು. ಗಿರಿಜಾ ಬಗ್ಗಿ ನೋಡಿದಳು.

"ಎರಡೂ ಒಂದ ಥರಾ ಅದಾವಲ್ರಿ." ದನಿ ಸಣ್ಣದಾಗಿತ್ತು. "ರಿಪೋರ್ಟ್ ಯಾವಾಗ ಬರ್ತೈತ್ರಿ?"

"ನಿಮ್ಮ ಕೈಗೆ ಬರೂದಿಲ್ರಿ," ಎಂದರು ಡಾಕ್ಟರಮ್ಮ. "ಭಾಳ ಮಂದಿ ರಕ್ತ ಕೂಡಿಸಿ ನೋಡಬೇಕು. ವರ್ಷಗಟ್ಟಲೆ ಹಿಡೀಬಹುದು. ಏನೂ ಸಿಗದೇನೂ ಇರಬಹುದು."

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವಾಗಲೇ ಇದನ್ನು ಹೇಳಿದ್ದರು. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ನಾನು ಕೇಳಿಯೂ ಆಸೆ ಬಿಟ್ಟಿರಲಿಲ್ಲ.

ಆಟೋದಲ್ಲಿ ಮನೆಗೆ ಹೊರಟೆವು. ಮನೆ ಹತ್ತಿರ ಬಂದಾಗ ಗಿರಿಜಾ ಕೇಳಿದಳು: "ಪ್ರತಿ ಸಲ ಹಿಂಗ ಆಗತಿತ್ತೇನ ಅಕ್ಕಾ?"

"ಹೂಂ."

ಅಂದು ಕೆಟ್ಟ ಮೈ ಇನ್ನೂ ಪೂರ್ತಿ ಸುಧಾರಿಸಿಲ್ಲ. ನನ್ನ ರಕ್ತ ಯಾವುದೋ ಫ್ರೀಜರಿನಲ್ಲಿದೆ. ಅದರಲ್ಲೇನಿದೆ ಎಂಬುದು ನನ್ನ ಕಾಲದಲ್ಲಿ ತಿಳಿಯಲಿಕ್ಕಿಲ್ಲ. ಮುಂದೆ ಎಂದಾದರೂ ತಿಳಿದರೆ ನನ್ನಂಥ ರೋಗಿಗಳು ತಮ್ಮವರೆದುರು ತಲೆ ತಗ್ಗಿಸುವುದು ತಪ್ಪೀತು. ಹಾಗೆಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಎಲ್ಲ ದಿನವೂ ಆ ಸಮಾಧಾನ ನಿಲ್ಲುವುದಿಲ್ಲ.

ಗಿರಿಜಾ ಈಗ ಆಗಾಗ ಬಂದು ಉಳಿಯುತ್ತಾಳೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನನ್ನ ಮಂಚದ ಪಕ್ಕ ಕುಳಿತು ಸೇಂಗಾ ಸುಲಿಯುತ್ತಾಳೆ. ಸಿಪ್ಪೆ ಒಡೆಯುವ ಸಪ್ಪಳ ನನಗೆ ತ್ರಾಸಾಗಬಾರದೆಂದು ಕಾಯಿಗಳನ್ನು ಮೊದಲೇ ನೀರಿನಲ್ಲಿ ನೆನೆಸಿಟ್ಟಿರುತ್ತಾಳೆ.