ತಲೆ ಎಣಿಸದ ಮುನಿರಾಜಣ್ಣ

ಮುನಿರಾಜಣ್ಣನವರ ಸೀಟಿ ಮೊದಲು ಕೇಳಿಸುತ್ತಿತ್ತು, ಆಮೇಲೆ ಅವರು ಕಾಣಿಸುತ್ತಿದ್ದರು. ಪೊಲೀಸರ ಹತ್ತಿರ ಇರುವಂಥ ಸ್ಟೀಲಿನ ಸೀಟಿ. ಕಪ್ಪು ದಾರದಲ್ಲಿ ಕೊರಳಿಗೆ ಕಟ್ಟಿ, ಸೀಟಿಯನ್ನು ಅಂಗಿಯ ಜೇಬಿಗೆ ಇಳಿಬಿಡುತ್ತಿದ್ದರು. ಊದಿ ಊದಿ ಒದ್ದೆಯಾದ ಸೀಟಿ ಕೂತೂ ಕೂತೂ ಆ ಜೇಬಿನ ಮೂಲೆಯಲ್ಲಿ ಹುಣಸೆಬೀಜದಷ್ಟು ಅಗಲದ ಕಲೆಯಾಗಿತ್ತು. ಇಷ್ಟು ಸಣ್ಣದನ್ನೆಲ್ಲ ಗಮನಿಸಿದ್ದಾಳೆ ಎಂದರೆ ಇವಳಿಗೆ ಅವರ ಮೇಲೆ ಬಹಳ ಅಭಿಮಾನವಿರಬೇಕು ಎಂದು ತಿಳಿಯಬೇಡಿ. ಯಾರನ್ನು ಕಂಡರೆ ಆಗುವುದಿಲ್ಲವೋ ಅವರನ್ನೇ ನಾನು ಹೆಚ್ಚು ನೋಡುವುದು. ಚಿಕ್ಕಂದಿನಿಂದ ಬಂದ ಅಭ್ಯಾಸ.

ಅವರು ಶೆಟ್ಟಿಹಳ್ಳಿಯವರು. ಅವರ ತಂದೆ ಕುರಿ ಮೇಯಿಸುತ್ತಿದ್ದ ಬಯಲಿನಲ್ಲಿ ಈಗ ನಾಲ್ಕು ಮಹಡಿಯ ಮೂರು ಕಟ್ಟಡಗಳಿವೆ, ಮೂರೂ ಅವರವೇ. ದುಡಿಯಲೇಬೇಕು ಎಂಬ ಕಷ್ಟವಿರಲಿಲ್ಲ. ಆದರೂ ವರ್ಷಕ್ಕೆರಡು ಸಲ ಜನ ಕೂಡಿಸಿಕೊಂಡು ಟೂರ್ ಹೊರಡುತ್ತಿದ್ದರು. ಮೊದಲು ಕಾಶಿ, ರಾಮೇಶ್ವರ. ಆಮೇಲೆ ಯಾರೋ ತಲೆಗೆ ತುಂಬಿ, ಅಂಡಮಾನಿನ ಒಂದು ಪುಟ್ಟ ದ್ವೀಪ. ಎಲ್ಲಿಗೆ ಹೋದರೂ ಜೊತೆಗೊಬ್ಬ ಅಡಿಗೆಯವನು, ಒಂದು ಮೂಟೆ ಸೋನಾಮಸೂರಿ, ಇಪ್ಪತ್ತು ಕೇಜಿ ರಾಗಿಹಿಟ್ಟು. "ನೀರೊಂದು ಅವ್ರುದ್ದು, ಮಿಕ್ಕಿದ್ದೆಲ್ಲಾ ನಮ್ದೇ" ಎನ್ನುವುದು ಅವರ ಹೆಮ್ಮೆಯ ಮಾತು.

ನಮ್ಮ ಅಮ್ಮನಿಗೆ ಎಪ್ಪತ್ತಾರು ವರ್ಷ. ಸೋಲದೇವನಹಳ್ಳಿಯಲ್ಲಿ ಹುಟ್ಟಿ ಅಲ್ಲೇ ಬೆಳೆದವಳು, ಸಮುದ್ರವನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಎಂದಾಗ ನನ್ನ ಅಣ್ಣ ಫೋನಿನಲ್ಲಿ, "ಕರ್ಕೊಂಡ್ ಹೋಗು. ಆದ್ರೆ ಅಮ್ಮಂಗೆ ಏನಾದ್ರೂ ಆದ್ರೆ ನನ್ ಮನೆ ಬಾಗ್ಲಿಗೆ ಬರ್ಬೇಡ" ಎಂದ. ಅಣ್ಣ ತಮಾಷೆಗೆ ಮಾತಾಡುವವನಲ್ಲ.

ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಬಸ್ಸು ನಿಂತಿತ್ತು, ಅಲ್ಲಿಂದ ಏರ್‌ಪೋರ್ಟಿಗೆ. ಹತ್ತುವ ಮುಂಚೆಯೇ ಮುನಿರಾಜಣ್ಣ ಎಲ್ಲರ ಕೊರಳಿಗೂ ಒಂದೊಂದು ಹಳದಿ ಕಾರ್ಡು ಹಾಕಿದರು. ಪ್ಲಾಸ್ಟಿಕ್ ಹೊದಿಸಿದ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ನಂಬರು. ನಾನು ಹದಿನೇಳು, ಅಮ್ಮ ಹದಿನೆಂಟು. ಒಟ್ಟು ಇಪ್ಪತ್ತೆಂಟು ಜನ. ಬಸ್ಸೋ ದೋಣಿಯೋ, ಹತ್ತುವ ಮುಂಚೆ ಕಾರ್ಡು ಬಿಚ್ಚಿ ಅವರ ಬಟ್ಟೆಚೀಲಕ್ಕೆ ಹಾಕಬೇಕು. ಅವರು ಕಾರ್ಡುಗಳನ್ನು ಎಣಿಸಿ, ಇಪ್ಪತ್ತೆಂಟು ಆದ ಮೇಲೆ ಸೀಟಿ ಊದಿ, ಮತ್ತೆ ಹಂಚುವುದು.

ಸುಮ್ಮನೆ ತಲೆ ಎಣಿಸಿದರೆ ಆಗುವುದಿಲ್ಲವೇ ಎಂದು ಬಸ್ಸು ಹತ್ತಿ ಕೂತ ಮೇಲೆ ನಾನು ಕೇಳಿದೆ. ಕಾನ್ವೆಂಟಿನಲ್ಲಿ ನಮ್ಮನ್ನು ಪಿಕ್ನಿಕ್ಕಿಗೆ ಕರೆದೊಯ್ಯುವಾಗ ಸಿಸ್ಟರ್ ಒಬ್ಬರು ಪೆನ್ಸಿಲಿನ ತುದಿಯಿಂದ ಒಬ್ಬೊಬ್ಬರ ನೆತ್ತಿ ಮುಟ್ಟಿ ಎಣಿಸುತ್ತಿದ್ದರು. ಆ ಪೆನ್ಸಿಲಿನ ತಣ್ಣನೆಯ ತುದಿ ನನಗೆ ಇವತ್ತಿಗೂ ನೆನಪಿದೆ.

"ತಲೆ ಎಣಿಸ್ಬಾರ್ದು ಕಣಮ್ಮ" ಎಂದರು ಮುನಿರಾಜಣ್ಣ. "ಎಣಿಸಿದ್ ತಲೆ ಕಮ್ಮಿ ಆಯ್ತದೆ. ನಮ್ಮಪ್ಪ ಕುರೀನೇ ಎಣಿಸ್ತಿರ್ನಿಲ್ಲ. ಕುರಿಗೊಂದು ಕಲ್ಲು ಚೀಲ್ದಾಗೆ ಇಟ್ಕಂಡಿದ್ದ. ಸಂಜೆ ಒಂದೊಂದು ಕುರಿ ದೊಡ್ಡಿ ಒಳಕ್ ಓದಂಗೆ ಒಂದೊಂದು ಕಲ್ಲು ತೆಗ್ದು ಆಕೋನು. ಒಂದಿನಾನೂ ಲೆಕ್ಕ ತಪ್ಪಿಲ್ಲ."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಕುರಿಗಳು ತಮ್ ಕಲ್ಲನ್ನ ತಾವೇ ತಂದ್ ಹಾಕ್ತಿರ್ಲಿಲ್ವಲ್ಲ ಮುನಿರಾಜಣ್ಣ" ಎಂದೆ.

ಬಸ್ಸಿನಲ್ಲಿ ನಗು ಎದ್ದಿತು. ಅವರು ನಗಲಿಲ್ಲ. "ಅದಿನೇಳು ವಸಿ ಓದ್ಕಂಡಿರೋ ಅಂಗೆ ಕಾಣ್ತದೆ" ಎಂದು ಮುಂದೆ ಹೋದರು. ನನ್ನ ಹೆಸರನ್ನು ಅವರು ಆಮೇಲೆ ಒಂದು ಸಲವೂ ಹೇಳಲಿಲ್ಲ.

ಆ ದ್ವೀಪದಲ್ಲಿ ನೋಡುವುದಕ್ಕೆ ಏನೂ ಇಲ್ಲ, ಅದೇ ಅದರ ಸೊಗಸು. ನಡುರಸ್ತೆಯಲ್ಲಿ ನಾಯಿಗಳು ಮಲಗಿರುತ್ತವೆ, ಆಟೋದವನು ಅವುಗಳನ್ನು ಬಳಸಿಕೊಂಡು ಹೋಗುತ್ತಾನೆ. ಅಂಗಡಿಯವಳು ಬೇಕೆನಿಸಿದಾಗ ಬಾಗಿಲು ತೆಗೆಯುತ್ತಾಳೆ. ಅಂಥ ಊರಿನಲ್ಲಿ ಮುನಿರಾಜಣ್ಣ ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಕಾಶಿಯಲ್ಲಿ ಗಂಗೆಗೆ ಇಳಿಸಿದ ಹಾಗೆ ಹತ್ತತ್ತು ಜನರನ್ನು ಸಮುದ್ರಕ್ಕೆ ಇಳಿಸಿ, ಮೂರು ಮುಳುಗು ಹಾಕಿಸಿ, ಮೇಲೆ ಹತ್ತಿಸುತ್ತಿದ್ದರು. ಎರಡನೆಯ ದಿನ ಸಂಜೆ ನಾನು ಎರಡು ತೆಂಗಿನ ಮರಗಳ ನಡುವೆ ಕಟ್ಟಿದ್ದ ಬಲೆಯ ಉಯ್ಯಾಲೆಯಲ್ಲಿ ಮಲಗಿದ್ದೆ. ಕಿವಿಯ ಪಕ್ಕದಲ್ಲೇ ಸೀಟಿ.

"ಅದಿನೇಳೂ! ಎಲ್ರೂ ಸೂರ್ಯ ಮುಳ್ಗೋದ್ ನೋಡಕ್ ಓಗವ್ರೆ. ನೀವಿಲ್ಲಿ ತೊಟ್ಲಾಗ್ ಮಲ್ಗಿದೀರಲ್ಲ!"

"ಇಲ್ಲಿಂದ್ಲೂ ಕಾಣತ್ತಲ್ಲ, ಮುನಿರಾಜಣ್ಣ."

"ಇಲ್ಲಿಂದ್ ಕಾಣೋ ಸೂರ್ಯ ಪ್ಯಾಕೇಜ್ನಾಗಿಲ್ಲ. ಏಳ್ರಮ್ಮ."

ಎದ್ದೆ. ಅವರ ಹಿಂದೆ ನಡೆಯುತ್ತಾ ಅವರ ಹಿಮ್ಮಡಿಯ ಬಿರುಕುಗಳನ್ನು ಎಣಿಸಿದೆ. ಬಲಗಾಲಿಗೆ ಏಳು.

ನನ್ನನ್ನು ಇನ್ನೂ ಉರಿಸುತ್ತಿದ್ದುದು ಬೇರೆ. ಅಮ್ಮನಿಗೂ ಅವರಿಗೂ ಚೆನ್ನಾಗಿ ಕೂಡಿಕೊಂಡಿತ್ತು. ಅವರು ಅಮ್ಮನನ್ನು ಹದಿನೆಂಟು ಎನ್ನುತ್ತಿರಲಿಲ್ಲ, ಅವ್ವ ಎನ್ನುತ್ತಿದ್ದರು. ಅಮ್ಮನಿಗೆಂದೇ ಮುದ್ದೆಯನ್ನು ಇನ್ನಷ್ಟು ಮೆತ್ತಗೆ ತಿರುವಿಸುತ್ತಿದ್ದರು. ಇಬ್ಬರೂ ಕೂತು ಸೊಗಡಿನ ಅವರೆಕಾಯಿಯ ಬಗ್ಗೆ, ಬತ್ತಿಹೋದ ಕೆರೆಗಳ ಬಗ್ಗೆ, ನನಗೆ ಪೂರ್ತಿ ಬಾರದ ಆ ಭಾಷೆಯಲ್ಲಿ ಮಾತಾಡುತ್ತಿದ್ದರು. ನಾನು ಹತ್ತಿರ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು, ಕ್ಲಾಸಿಗೆ ಮಿಸ್ ಬಂದ ಹಾಗೆ.

ಮೂರನೆಯ ದಿನ ಎರಡು ಯಂತ್ರದ ದೋಣಿಗಳಲ್ಲಿ ಇನ್ನೂ ಚಿಕ್ಕದೊಂದು ದ್ವೀಪಕ್ಕೆ ಹೋದೆವು. ಅಲ್ಲಿ ಮನೆಗಳಿಲ್ಲ, ಎಳನೀರು ಮಾರುವ ಒಬ್ಬ ಹೆಂಗಸು, ಅವಳ ಗುಡಿಸಲು, ಬಿಳೀ ಮರಳು. ಹನ್ನೊಂದಕ್ಕೆ ಹೊರಡಲೇಬೇಕು, ಆಮೇಲೆ ನೀರು ಇಳಿಯುತ್ತದೆ ಎಂದು ದೋಣಿಯವನು ಹೇಳಿದ್ದ. ಹೊರಡುವ ಹೊತ್ತಿಗೆ ಅಮ್ಮ, ಬೆವರಿಗೆ ದಾರ ಕುತ್ತಿಗೆ ಉರಿಸ್ತದೆ ಎಂದು ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು. "ನೀನ್ ಹೋಗಿರು. ಸರೋಜಮ್ಮನ ಹತ್ರ ಎಲೆ ಅಡಿಕೆ ಐತೆ, ಹಾಕ್ಕೊಂಡು ಅವಳ ಜೊತೆ ಹಿಂದಿನ್ ದೋಣೀಲಿ ಬತ್ತೀನಿ" ಎಂದಳು. ಸರೋಜಮ್ಮ ನಮ್ಮ ಗುಂಪಿನವರೇ, ಈ ಟೂರಿನಲ್ಲಿ ಅಮ್ಮನಿಗೆ ಗೆಳತಿಯಾದವರು. ನಾನು ಎರಡೂ ಕಾರ್ಡುಗಳನ್ನು ಚೀಲಕ್ಕೆ ಹಾಕಿ ಮೊದಲನೆಯ ದೋಣಿ ಹತ್ತಿದೆ. ಮುನಿರಾಜಣ್ಣ ಮರಳಿನ ಮೇಲೆ ಟವಲು ಹಾಸಿ ಕಾರ್ಡುಗಳನ್ನು ಎಣಿಸಿದರು. ಇಪ್ಪತ್ತೆಂಟು. ಸೀಟಿ ಊದಿದರು.

ಈಚೆ ದಡದಲ್ಲಿ ಎರಡನೆಯ ದೋಣಿಯಿಂದ ಸರೋಜಮ್ಮ ಒಬ್ಬರೇ ಇಳಿದರು. ಅಮ್ಮ ಎಲ್ಲಿ ಎಂದೆ. "ಅಯ್ಯೋ, ನಿನ್ ಜೊತೆ ಬಂದ್ರು ಅಂದ್ಕೊಂಡ್ನಲ್ಲಮ್ಮ" ಎಂದರು.

ವಾಪಸ್ ಹೋಗೋಣ ಎಂದು ದೋಣಿಯವನ ಹತ್ತಿರ ಓಡಿದೆ. ದೋಣಿಯವನು ತಲೆ ಆಡಿಸಿದ. ನೀರು ಇಳಿದಾಗಿದೆ, ಹವಳದ ಬಂಡೆಗಳು ಮೇಲೆ ಬಂದಿವೆ, ಈಗ ಹೋದರೆ ದೋಣಿಯ ತಳ ಒಡೆಯುತ್ತದೆ, ಮೂರು ಗಂಟೆ ಕಾಯಬೇಕು ಎಂದ. ಅಮ್ಮನ ಹತ್ತಿರ ಫೋನಿಲ್ಲ. ಮಧ್ಯಾಹ್ನದ ಬಿಪಿ ಮಾತ್ರೆ ನನ್ನ ಬ್ಯಾಗಿನಲ್ಲಿತ್ತು.

ನಾನು ದನಿ ಎತ್ತಿ ಮಾತಾಡುವವಳಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ನನಗೇ ನಾಚಿಕೆ. ಅವತ್ತು ಇಡೀ ಗುಂಪಿನ ಎದುರು ಕಿರುಚಿದೆ.

"ತಲೆ ಎಣಿಸೋಕೂ ಬರಲ್ವೇನ್ರಿ ನಿಮ್ಗೆ? ಮೂರನೇ ಕ್ಲಾಸ್ ಮಕ್ಳನ್ನ ನಮ್ ಸಿಸ್ಟರ್ ಒಬ್ಬರೇ ಎಣಿಸ್ಕೊಂಡ್ ಬರ್ತಿದ್ರು! ಅದೇನ್ ಮೂಢನಂಬಿಕೆ ನಿಮ್ದು? ಜನ ಅಂದ್ರೆ ಕುರಿಗಳಾ?"

ಮುನಿರಾಜಣ್ಣನ ಮುಖ ಕಪ್ಪಿಟ್ಟಿತ್ತು. ಆದರೂ ಮೆಲ್ಲಗೆ ಕೇಳಿದರು, "ಅವ್ವನ್ ಕಾರ್ಡು ಚೀಲಕ್ ಆಕಿದ್ಯಾರಮ್ಮ?"

ನಾನು ನೀರಿನ ಕಡೆ ತಿರುಗಿದೆ.

"ಯಾರ್ ಆಕಿದ್ದು? ನಮ್ಮಪ್ಪನ್ ದೊಡ್ಡೀನಾಗೂ ಒಂದ್ ಕುರಿ ಎಳ್ಡ್ ಕಲ್ಲು ಆಕ್ಲಿಲ್ಲ ಕಣಮ್ಮ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನಾನು ಅವರನ್ನು ಕ್ಷಮಿಸಲಿಲ್ಲ. ಸುಳ್ಳು ಹೇಳಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ಮೂರು ಗಂಟೆ ಹೊತ್ತು ದೋಣಿಕಟ್ಟೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಅಡಿಗೆಯವನು ಕಲಸಿಟ್ಟ ಪುಳಿಯೋಗರೆ ಯಾರೂ ಮುಟ್ಟದೆ ಒಣಗಿತು. ಅಣ್ಣನ ಹೆಸರು ಫೋನಿನಲ್ಲಿ ತೆಗೆಯುವುದು, ಮುಚ್ಚುವುದು, ಇಷ್ಟೇ ನನ್ನ ಕೆಲಸ. ಅವರು ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರನ್ನೇ ನೋಡುತ್ತಿದ್ದರು, ಊದಲಿಲ್ಲ. ಕೊನೆಗೆ ದೋಣಿಯವನು ಕೈ ಬೀಸಿದಾಗ, "ನೀವ್ ಬರ್ಬೇಡಿ, ನಾನ್ ಓಗಿ ಕರ್ಕಂಬತ್ತೀನಿ" ಎಂದರು. ನಾನು ಅವರನ್ನು ದಾಟಿಕೊಂಡು ಹೋಗಿ ಮೊದಲು ಹತ್ತಿದೆ. ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಮ್ಮ ಬಿದ್ದ ಮರವೊಂದರ ಬೊಡ್ಡೆಯ ಮೇಲೆ ಕೂತಿದ್ದಳು. ಸೆರಗು ತಲೆಯ ಮೇಲೆ, ಸೀರೆ ಮೊಣಕಾಲಿಗೆ, ಕಾಲು ನೀರಿನಲ್ಲಿ. ಪಕ್ಕದಲ್ಲಿ ಎರಡು ಖಾಲಿ ಎಳನೀರು ಬುರುಡೆ. ನಾನು ಓಡಿಹೋಗಿ ತಬ್ಬಿಕೊಂಡು ಅತ್ತೆ. ಸೀಟಿ ಕೇಳಿಸಲಿಲ್ವಾ ಅಮ್ಮಾ ಎಂದೆ.

"ಕೇಳಿಸ್ತು. ಏಳಕ್ ಮನಸಾಗ್ಲಿಲ್ಲ" ಎಂದಳು ಅಮ್ಮ. "ಮೂರ್ ದಿನದಿಂದ ಅವ್ನು ಸೀಟಿ ಊದ್ತಾನೆ, ನೀನು ಅಮ್ಮಾ ಹುಷಾರು ಅಮ್ಮಾ ಹುಷಾರು ಅಂತೀಯ. ಇಬ್ರುದ್ದೂ ಒಂದೇ ಕಾಟ. ಒಂದ್ ಗಳಿಗೆ ಕೂತ್ಕಳನ ಅನ್ನಿಸ್ತು. ಒಂದು ದೋಣಿ ಹೋದ್ರೆ ಇನ್ನೊಂದ್ ಬತ್ತದೆ ಅಂದ್ಕಂಡೆ, ನಮ್ಮೂರ್ ಬಸ್ಸಿನ್ ತರ."

ಮುನಿರಾಜಣ್ಣ ಮಂಡಿಯುದ್ದ ನೀರಿನಲ್ಲಿ ನಿಂತಿದ್ದರು. ಬಂದು ಅಮ್ಮನ ನೆತ್ತಿಯ ಮೇಲೆ ಇಡೀ ಅಂಗೈ ಇಟ್ಟು, "ಒಂದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮುಟ್ಟದೆ, ದೂರದಿಂದಲೇ "ಎಳ್ಡು" ಎಂದರು.

ಊರಿಗೆ ಬಂದ ಮೇಲೆ ಅವರ ವಾಟ್ಸಾಪ್ ಗುಂಪಿನಿಂದ ನಾನು ಹೊರಬಂದೆ. ಅಮ್ಮ ಬರಲಿಲ್ಲ. ಬರಲಿಲ್ಲ ಎಂದರೆ, ಸರೋಜಮ್ಮನ ಫೋನಿನಲ್ಲಿ ನೋಡಿ ಅವರ ಜೊತೆ ಇನ್ನೂ ಎರಡು ಟೂರಿಗೆ ಹೋದಳು. "ಒಳ್ಳೇವ್ನು ಕಣೇ. ಬಾಯಿ ಜಾಸ್ತಿ ಅಷ್ಟೆ. ನಿಂಗೂ ಹಂಗೇ, ಒಳಗೊಳಗೆ" ಎನ್ನುತ್ತಿದ್ದಳು. ನಾನು ಬೇಡವೆಂದು ಜಗಳ ಆಡಿದೆ. ಅವಳು ಬ್ಯಾಗು ಹೊಲಿಸಿಕೊಂಡಳು.

ಕಡೆಯ ಸಲ ಅವರನ್ನು ನೋಡಿದ್ದು ಅದೇ ಗೊರಗುಂಟೆಪಾಳ್ಯದಲ್ಲಿ, ಅಮ್ಮನನ್ನು ಬಸ್ಸಿಗೆ ಹತ್ತಿಸಲು ಹೋದಾಗ. ಸ್ವಲ್ಪ ಇಳಿದುಹೋಗಿದ್ದರು, ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿತ್ತು. ಹಳದಿ ಕಾರ್ಡುಗಳು ಇರಲಿಲ್ಲ. ಬಸ್ಸಿನೊಳಗೆ ಸೀಟಿನಿಂದ ಸೀಟಿಗೆ ಹೋಗುತ್ತಾ ಒಬ್ಬೊಬ್ಬರ ತಲೆ ಮುಟ್ಟಿ ಜೋರಾಗಿ ಎಣಿಸುತ್ತಿದ್ದರು. ಒಂದೊಂದು ನಂಬರಿಗೂ ಮುಂಚೆ ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಅಮ್ಮನ ಬ್ಯಾಗು ಇಟ್ಟು ಇಳಿಯುತ್ತಿದ್ದ ನನ್ನನ್ನು ಕಂಡು ಅವರ ಕೈ ಗಾಳಿಯಲ್ಲಿ ನಿಂತಿತು.

"ನೀವ್ ಬಸ್ಸಿಳೀರಮ್ಮ. ಲೆಕ್ಕ ತಪ್ಪೋಯ್ತದೆ" ಎಂದರು.

"ತಪ್ಪೋದು ನಿಮಗೇನ್ ಹೊಸದಲ್ವಲ್ಲ" ಎಂದು ಇಳಿದೆ. ಅದೇ ನಮ್ಮ ಕೊನೆಯ ಮಾತು.

ಅವರೆಕಾಯಿಯ ಕಾಲದಲ್ಲಿ ಸರೋಜಮ್ಮ ಫೋನ್ ಮಾಡಿದರು. ಹಾರ್ಟ್ ಅಟ್ಯಾಕ್, ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತವರು ಹಾಗೇ ಹೋದರಂತೆ. ನಾನು ಶೆಟ್ಟಿಹಳ್ಳಿಗೆ ಹೋಗಲಿಲ್ಲ. ಅಮ್ಮ ಹೋಗಿ ಬಂದು, ಸ್ನಾನ ಮಾಡಿ, ಅವರೆಕಾಳು ಹಿದುಕುತ್ತಾ ಕೂತಳು.

"ಎಣಿಸ್ಬಾರ್ದಾಗಿತ್ತು ಅವ್ನು" ಎಂದಳು ಆಮೇಲೆ. "ಅಷ್ಟು ಜನದ್ ತಲೆ ಎಣಿಸ್ದ. ಅವ್ನುದ್ದೇ ಕಮ್ಮಿ ಆಯ್ತು."

ಅಮ್ಮಾ, ಅದೆಲ್ಲ ಮೂಢನಂಬಿಕೆ ಎಂದೆ. ಹೌದು ಕಣೇ ಎಂದಳು, ತಲೆ ಎತ್ತಲಿಲ್ಲ.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಅವರನ್ನು ಕ್ಷಮಿಸಿಯೂ ಇಲ್ಲ. ಆದರೆ ಕಳೆದ ಭಾನುವಾರ ಅಣ್ಣನ ಮನೆಯವರೆಲ್ಲ ಊಟಕ್ಕೆ ಬಂದಿದ್ದರು. ಎಷ್ಟು ಜನ ಎಂದು ನೋಡಲು ನಡುಮನೆಯ ಬಾಗಿಲಿಗೆ ಬಂದು ಬೆರಳು ಎತ್ತಿದೆ. ಎದುರಿಗೇ ಅಮ್ಮ ಕೂತಿದ್ದಳು. ಬೆರಳು ಮಡಿಸಿಕೊಂಡು ಒಳಗೆ ಹೋದೆ. ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ತಂದು ಮುಂದಿಟ್ಟು, ಅಡಿಗೆಮನೆಗೆ ಬಂದು, ಎರಡು ಡಜನ್ನಿನ ಕಟ್ಟಿನಲ್ಲಿ ಉಳಿದ ತಟ್ಟೆಗಳನ್ನು ಎಣಿಸಿದೆ.